ಖಾನೆಯ ತುಂಬ ಅವನ ಕಣ್ಣು

"ನನ್ನ ಕಣ್ಣು ನಿಮಗೆ ಎಲ್ಲಿ ಸಿಕ್ತು?"

ಬಾಗಿಲಲ್ಲಿ ನಿಂತವನು ಕೇಳಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಒಳಗೆ ಬರಲೇ ಎಂಬ ಕೇಳಿಕೆಯೂ ಇಲ್ಲ.

ಮೇಜಿನ ಮೇಲೆ ಬಾಗಿದ್ದ ಹುಡುಗಿ ತಲೆಯೆತ್ತಿದಳು. ಕುಂಚ ಕೈಯಲ್ಲೇ ನಿಂತಿತು.

ಆ ಜಾಗದಲ್ಲಿ ಇಂಥ ಮಾತು ಹೊಸದಲ್ಲ. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವ ಕಾರ್ಯಾಗಾರ ಅದು. 'ನನ್ನ ಕಣ್ಣು ಆಯ್ತಾ?' 'ನನ್ನ ಕಣ್ಣು ಯಾವತ್ತು ಕೊಡ್ತೀರಾ?' ಎಂದು ದಿನಕ್ಕೆ ನಾಲ್ಕು ಜನ ಕೇಳಿಕೊಂಡು ಬರುತ್ತಾರೆ. ಆದರೆ...

ಬಂದವನಿಗೆ ಎರಡೂ ಕಣ್ಣು ಇದ್ದವು!

ಅಷ್ಟೇ ಆಗಿದ್ದರೆ ಅವಳು ಬೆಚ್ಚುತ್ತಿರಲಿಲ್ಲ. ಆ ಕಣ್ಣುಗಳನ್ನು ಅವಳು ಬಲ್ಲಳು. ಕಂದು ಬಣ್ಣ, ಅಂಚಿಗೆ ಬೂದಿಯ ತೆಳುಗೆರೆ. ಎಡಗಣ್ಣಿನಲ್ಲಿ, ಪಾಪೆಯ ಕೆಳಗೆ, ಎಳ್ಳುಕಾಳಿನಷ್ಟು ಜೇನುಬಣ್ಣದ ಮಚ್ಚೆ.

ಆ ಮಚ್ಚೆಯನ್ನು ತಾನೇ ಕಲ್ಪಿಸಿಕೊಂಡು ಬರೆದದ್ದು ಎಂದು ಅವಳು ಇವತ್ತಿನವರೆಗೂ ನಂಬಿದ್ದಳು.

"ಯಾ... ಯಾವ ಕಣ್ಣು?"

"ನಿನ್ನೆ ನಮ್ಮತ್ತೆ ಇಲ್ಲಿಂದ ಕಣ್ಣು ಹಾಕಿಸ್ಕೊಂಡು ಮನೆಗೆ ಬಂದ್ರು. ನಮ್ಮಪ್ಪನ ತಂಗಿ. ಬಾಗಿಲು ತೆಗೆದವನು ನಾನು. ಅತ್ತೆ ಮುಖದಿಂದ ನಾನೇ ನನ್ನನ್ನ ನೋಡ್ತಿದ್ದೆ! ಅತ್ತೆ ಕನ್ನಡಿ ನೋಡಿ ಕಿರುಚಿಕೊಂಡ್ರು. ತೀರಿಹೋದ ಅಣ್ಣ ಬಂದು ಒಳಗೆ ಕೂತಿದ್ದಾನೆ ಅಂತ. ನನಗೆ ಬಂದಿರೋದು ಅಪ್ಪನ ಕಣ್ಣೇ. ಈಗ ಮನೇಲಿರೋ ಕನ್ನಡಿಗೆಲ್ಲ ಟವೆಲ್ ಹೊದಿಸಿ ಕೂತಿದ್ದಾರೆ."

ಅವನು ಒಂದು ಹೆಜ್ಜೆ ಒಳಗೆ ಬಂದ. ದನಿಯಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಆಸೆಯಂಥದ್ದು. ಅದನ್ನು ಗಮನಿಸುವಷ್ಟು ಸಮಾಧಾನ ಆಗ ಅವಳಿಗಿರಲಿಲ್ಲ.

"ಬರೆದಿದ್ದು ನೀವೇ ಅಂದ್ರು. ನನ್ನನ್ನ ನೋಡಿ ಬರೆದ್ರಾ?"

"ನಿಮ್ಮನ್ನಾ? ನಾನು ಹುಟ್ಟಿದಾಗಿನಿಂದ ನಿಮ್ಮನ್ನ ನೋಡಿಲ್ಲ! ಇದೇ ಮೊದಲು!"

ದೀಪದ ಬತ್ತಿ ಇಳಿಸಿದಂತೆ ಅವನ ಮುಖದಲ್ಲಿ ಏನೋ ಆರಿತು.

"ನೋಡೇ ಇಲ್ವಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ ಅಂದ್ನಲ್ಲ!"

"ಸರಿ... ಬಿಡಿ. ತಪ್ಪು ನನ್ನದೇ."

ಅವನು ತಿರುಗಿ ಹೊರಟ. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದ. ಸಿಟ್ಟಿನಲ್ಲಿ ಬಂದವನು ಬಾಗಿಲನ್ನು ಅಷ್ಟು ಮೆಲ್ಲಗೆ ಮುಚ್ಚುವುದನ್ನು ನೀವು ಎಷ್ಟು ಸಲ ಕಂಡಿದ್ದೀರಿ?

ಒಳಕೋಣೆಯಿಂದ ಅಚ್ಚಿನ ಮಾಮ ಇಣುಕಿದರು. ಕಣ್ಣಿನ ಗುಳಿಯ ಅಚ್ಚು ತೆಗೆಯುವುದು ಅವರ ಕೆಲಸ. ಮೂವತ್ತು ವರ್ಷದಿಂದ ಅಚ್ಚಿನ ಪಾಕವನ್ನು ಮೊದಲು ತಮ್ಮ ಮೊಣಕೈಗೆ ಮುಟ್ಟಿಸಿಕೊಂಡು, ತಣ್ಣಗಿಲ್ಲ ಎಂದು ಖಾತ್ರಿಯಾದ ಮೇಲೇ ಬಂದವರ ರೆಪ್ಪೆಯ ಹತ್ತಿರ ಒಯ್ಯುವ ಮನುಷ್ಯ.

"ಯಾರೇ ಅದು, ಬಣ್ಣಗಾತಿ? ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟೇಹೋದ?"

ಬಣ್ಣಗಾತಿ! ಬಣ್ಣ ಹಚ್ಚುವ ಆ ಹುಡುಗಿಗೆ ಮಾಮ ಇಟ್ಟ ಹೆಸರು. ಅವಳ ದೃಷ್ಟಿ ಮೇಜಿನ ಬಲಗಡೆಯ ಖಾನೆಯ ಮೇಲಿತ್ತು.

ಆ ಖಾನೆ ಅವಳದು.

ಅದರ ಕಥೆ ಇಷ್ಟೇ. ಒಬ್ಬರಿಗೆ ಸರಿಹೊಂದುವ ಕಣ್ಣು ತಯಾರಾಗಲು ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಬಂದವರು ಕಪ್ಪು ಕನ್ನಡಕ ಹಾಕಿಕೊಂಡು ಮನೆಯ ಮೂಲೆ ಸೇರುತ್ತಿದ್ದರು. ಮೆರುಗಿನ ಮೇಜಿನಲ್ಲಿ ಕೂತು ಸಿದ್ಧ ಕಣ್ಣುಗಳನ್ನು ಉಜ್ಜುತ್ತಿದ್ದ ದಿನಗಳಲ್ಲೇ ಅವಳಿಗೆ ಅದು ಚುಚ್ಚುತ್ತಿತ್ತು. ಒಂದು ದಿನ ನೇರವಾಗಿ ಯಜಮಾನಿಯ ಎದುರು ಹೋಗಿ ನಿಂತಳು.

"ಅಮ್ಮಾ, ಬೇರೆ ಬೇರೆ ಅಳತೆಯಲ್ಲಿ ಇಪ್ಪತ್ನಾಲ್ಕು ಕಣ್ಣು ಮೊದಲೇ ಮಾಡಿಟ್ಟರೆ? ಬಂದ ದಿನಾನೇ ಒಂದನ್ನ ಹಾಕಿ ಕಳಿಸಬಹುದು. ತಮ್ಮದು ಸಿದ್ಧವಾದ ಮೇಲೆ ಇದನ್ನ ವಾಪಸ್ ಕೊಡಲಿ."

"ಸಂಬಳಕ್ಕೆ ಬಂದವಳು ಸಂಬಳದಷ್ಟು ಯೋಚಿಸು, ತಾಯಿ," ಎಂದು ಮಾಮ ಹಿಂದಿನಿಂದ ಗೊಣಗಿದ್ದರು.

ಯಜಮಾನಿ ಮಾತ್ರ ಅವಳನ್ನು ಬಹಳ ಹೊತ್ತು ನೋಡಿದ್ದರು. ಮಾತು ಕಡಿಮೆಯ ಹೆಂಗಸು. ಬಂದವರು ತಯಾರಾಗುವ ಮೊದಲೇ ತಮ್ಮ ಮುಖ ಕಾಣದಿರಲಿ ಎಂದು ಕನ್ನಡಿಗೆ ಬೆನ್ನು ಮಾಡಿ ಕುರ್ಚಿ ಇಡುವವರು.

"ಆ ಖಾನೆ ನಿನ್ನದು. ಬಣ್ಣ, ಅಳತೆ, ಜನ, ಎಲ್ಲ ನೀನೇ ನೋಡ್ಕೋ. ಒಳ್ಳೆಯದಾದರೆ ಉಳಿಯುತ್ತೆ. ಕೆಟ್ಟರೆ ಖಾನೆ ಮುಚ್ಚಿ, ನೀನು ಮೆರುಗಿನ ಮೇಜಿಗೆ. ಮತ್ತೆ ಕುಂಚ ಕೇಳಬಾರದು."

ಅವಳು ಅವತ್ತಿನಿಂದ ಮನೆಗೆ ಹೋಗುವಾಗಲೂ ಖಾನೆಯ ಬಗ್ಗೆಯೇ ಯೋಚಿಸುತ್ತಿದ್ದಳು. ಕಣ್ಣು ಪಡೆದವರಿಗೆ ವಾರಕ್ಕೊಮ್ಮೆ ತಾನೇ ಫೋನ್ ಮಾಡಿ 'ಉರೀತಿದೆಯಾ? ಒತ್ತುತ್ತಿದೆಯಾ?' ಎಂದು ಕೇಳುತ್ತಿದ್ದಳು. ಯಾರೂ ಹೇಳಿರಲಿಲ್ಲ. ಖಾನೆ ನನ್ನದು ಅಂದ ಮೇಲೆ...

ಈಗ ಅದನ್ನು ಎಳೆದಳು. ಹದಿನೆಂಟು ಕಣ್ಣು. ಆರು ಆಗಲೇ ಊರಿನೊಳಗೆ ಹೋಗಿದ್ದವು. ಭೂತಕನ್ನಡಿ ಹಿಡಿದು ಒಂದೊಂದನ್ನೇ ನೋಡಿದಳು. ಬಣ್ಣದಲ್ಲಿ ಹೆಚ್ಚುಕಮ್ಮಿ ಇತ್ತು, ಕೆಲವು ಕಡುಗಂದು, ಕೆಲವು ತಿಳಿ. ಆದರೆ ಎಲ್ಲದಕ್ಕೂ ಬೂದಿಯ ಅಂಚು. ಎಲ್ಲದರಲ್ಲೂ ಅದೇ ಮಚ್ಚೆ, ಅದೇ ಜಾಗದಲ್ಲಿ.

ದೋಷವಿಲ್ಲದ ಕಣ್ಣು ಸತ್ತ ಕಣ್ಣು ಎಂದು ಮಾಮ ಕಲಿಸಿದ್ದರು. ಜೀವಂತವಾಗಿ ಕಾಣಬೇಕಾದರೆ ಎಲ್ಲೋ ಒಂದು ಊನ ಬರೆಯಬೇಕು. ಎದುರಿಗೆ ಮನುಷ್ಯ ಕೂತಿದ್ದರೆ ಅವರ ಇನ್ನೊಂದು ಕಣ್ಣು ನೋಡಿ ಬರೆಯಬಹುದು. ಖಾನೆಯ ಕಣ್ಣುಗಳಿಗೆ ಎದುರಿಗೆ ಯಾರೂ ಇರಲಿಲ್ಲ. ಕೈ ತಾನಾಗಿ ಬರೆದಿತ್ತು.

ಹದಿನೆಂಟು ಕಣ್ಣುಗಳಿಂದ ಅವನು ಅವಳನ್ನು ನೋಡುತ್ತಿದ್ದ.

ಖಾನೆಯನ್ನು ಫಟ್ಟನೆ ಮುಚ್ಚಿದಳು.

*

ಅವತ್ತು ಸಂಜೆ ಬಸ್ಸಿನಲ್ಲಿ ನೂಕುನುಗ್ಗಲು. ಎದುರಿನ ಸೀಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪತ್ರಿಕೆ ಓದುತ್ತಿದ್ದರು. ಖಾನೆಯ ಎರಡನೇ ಕಣ್ಣು ಅವರಿಗೇ ಹೋಗಿತ್ತು. ಅವರ ಬಲಗಣ್ಣು ಸಾಲಿನಿಂದ ಸಾಲಿಗೆ ಓಡುತ್ತಿತ್ತು.

ಎಡಗಣ್ಣು ಓಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿತ್ತು.

ಕೃತಕ ಕಣ್ಣು ಹೆಚ್ಚು ಹೊರಳುವುದಿಲ್ಲ, ಅದು ಅವಳಿಗೆ ಗೊತ್ತು. ಗೊತ್ತಿದ್ದೂ ಎರಡು ನಿಲ್ದಾಣ ಮೊದಲೇ ಇಳಿದುಬಿಟ್ಟಳು. ನಡೆದು ಹೋಗುವಾಗ ಔಷಧಿ ಅಂಗಡಿಯ ಹೆಂಗಸು ಗಾಜಿನ ಹಿಂದಿನಿಂದ ಕೈಬೀಸಿದಳು. "ಚೆನ್ನಾಗಿದೀರಾ?" ಅವಳದು ನಾಲ್ಕನೆಯ ಕಣ್ಣು. ಕೈ ಬೀಸಿದ್ದು ಆ ಹೆಂಗಸು. ನೋಡಿದ್ದು ಅವನು.

'ದೇವರೇ... ಕಾಣದವನ ಕಣ್ಣು ನನ್ನ ಕೈಗೆ ಹೇಗೆ ಬಂತು? ನಾನು ಊರಿನ ತುಂಬ ಅವನನ್ನ ನೆಟ್ಟು ಬಂದಿದ್ದೀನಾ?'

ಭಯವಾಯಿತು, ನಿಜ. ಆದರೆ ಭಯದ ಒಳಗೆ ಇನ್ನೊಂದು ಮಾತೂ ಇತ್ತು. 'ಒಂದ್ಸಲಾನೂ?' ಎಂದು ಕೇಳಿದಾಗ ಆರಿದ ಆ ಮುಖ... ಅದು ಕಣ್ಣೊಳಗಿನ ಕಸದಂತೆ ಒತ್ತುತ್ತಲೇ ಇತ್ತು.

*

ಮಾರನೆಯ ವಾರ ಇನ್ನೊಂದು ವಿಚಿತ್ರ ಶುರುವಾಯಿತು.

ಬಣ್ಣಗಳು ಸುಳ್ಳು ಹೇಳತೊಡಗಿದವು!

ಅವಳ ಮೇಜು ಮೂರನೇ ಮಹಡಿಯ ಉತ್ತರದ ಕಿಟಕಿಯ ಪಕ್ಕ. ಆ ಕಿಟಕಿ ತೆರೆಯುವುದಿಲ್ಲ, ಒಂದೇ ದೊಡ್ಡ ಗಾಜು. ಆ ಬೆಳಕಿನಲ್ಲಿ ಅವಳು ಬೆರೆಸಿದ ಬಣ್ಣ ಎಂದೂ ತಪ್ಪಿದ್ದಿಲ್ಲ. ಈಗ ಕಂದು ಎಂದು ಬರೆದದ್ದು ಹೊರಗೆ ಒಯ್ದರೆ ಹಳದಿಗೆ ತಿರುಗಿರುತ್ತಿತ್ತು. ಕಣ್ಣಿನ ಬಣ್ಣ ಬರೆದ ಮೂರು ಬಿಲ್ಲೆ ಕೆರೆದು ಹಾಕಿದಳು.

"ನಿನ್ನ ಕೈಗೆ ದೃಷ್ಟಿ ಬಿದ್ದಿದೆ," ಎಂದರು ಮಾಮ. ಆಮೇಲೆ ಕಿಟಕಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. "ಅಲ್ವೇ... ಈ ಗಾಜು ಯಾವಾಗ ಇಷ್ಟು ಮಾಸಿತು?"

ಎದುರುಗಡೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಎಂಟು ತಿಂಗಳಿಂದ ಸಿಮೆಂಟಿನ ಧೂಳು ಬೀದಿಯ ತುಂಬ. ಎಲ್ಲ ಕಿಟಕಿಗಳೂ ಬೂದಿ ಬಳಿದುಕೊಂಡಂತಿದ್ದವು. ಆ ಒಂದು ಗಾಜು ಮಾತ್ರ ಎಂಟು ತಿಂಗಳೂ ತೊಳೆದ ಮುತ್ತಿನಂತಿತ್ತು. ಯಾಕೆ? ಅವಳು ಯೋಚಿಸಿಯೇ ಇರಲಿಲ್ಲ.

ಕೆಳಗಿನ ಕಾವಲುಗಾರನನ್ನು ಕೇಳಿದರೆ, "ಗಾಜು ಒರೆಸೋ ಕಂಪನಿಯವರು ತಿಂಗಳಿಗೆ ಒಂದೇ ಸಲ ಬರೋದು, ಮೇಡಂ," ಎಂದ.

"ಹಾಗಾದ್ರೆ ದಿನಾ ಒರೆಸ್ತಿದ್ದದ್ದು ಯಾರು?"

"ದಿನಾನಾ? ಯಾರೂ ಇಲ್ಲ."

ಅವಳು ಮೂರನೇ ಮಹಡಿಯ ಕಿಟಕಿಯತ್ತ ತಲೆಯೆತ್ತಿ ನೋಡಿದಳು.

ತಿಂಗಳ ಕೊನೆಯ ದಿನ. ಬೆಳಿಗ್ಗೆ ಹತ್ತರ ಹೊತ್ತು. ಅವಳು ಒಂದು ಸುತ್ತು ಬಣ್ಣ ಎಳೆದು ಕುಂಚ ಇಟ್ಟಳು. ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ಒಂದು ಸುತ್ತು ಬಣ್ಣವಾದ ಮೇಲೆ ಇಪ್ಪತ್ತು ಎಣಿಸುವವರೆಗೆ ದೂರ ನೋಡಬೇಕು, ಇಲ್ಲವಾದರೆ ಕಣ್ಣು ದಣಿದು ಬಣ್ಣ ಮರೆಯುತ್ತದೆ. ಅವಳು ಯಾವಾಗಲೂ ನೋಡುವುದು ಬಹುದೂರದ ಒಂದು ನೀರಿನ ಟ್ಯಾಂಕನ್ನು. ಮಾಸಿದ ಗಾಜಿನಾಚೆ ಅದು ಮಬ್ಬಾಗಿತ್ತು.

ಒಂದು, ಎರಡು, ಮೂರು...

ಗಾಜಿನ ಕೆಳಗಿನಿಂದ ಒಂದು ಹಗ್ಗ ನಡುಗಿತು.

ಹತ್ತು, ಹನ್ನೊಂದು...

ಸೋಪಿನ ನೊರೆ ಗಾಜಿನ ತುಂಬ ಹರಡಿತು. ಲೋಕವೆಲ್ಲ ಬಿಳಿಯಾಯಿತು. ಆ ಬಿಳಿಯೊಳಗೆ ಒಂದು ನೆರಳು ಮೆಲ್ಲಗೆ ಮೇಲೇರಿತು. ರಬ್ಬರಿನ ಪಟ್ಟಿಯೊಂದು ಎಡದಿಂದ ಬಲಕ್ಕೆ ಎಳೆಯಿತು. ಸ್ವಚ್ಛವಾದ ಆ ಒಂದು ಗೇಣು ಪಟ್ಟಿಯಲ್ಲಿ, ಅವಳ ಮುಖದಿಂದ ಒಂದು ಮೊಳ ದೂರದಲ್ಲಿ...

ಎರಡು ಕಣ್ಣು!

ಅವಳು ಚೀರಿಕೊಂಡು ಎದ್ದಳು. ಬಣ್ಣದ ತಟ್ಟೆ ಉರುಳಿತು. ಆ ಕಣ್ಣುಗಳು ರೆಪ್ಪೆ ಮಿಟುಕಿಸದೆ ಅವಳನ್ನು ನೋಡಿ, ಮರುಕ್ಷಣ ಕೆಳಗಿಳಿದು ಮಾಯವಾದವು.

ನಿಂತಲ್ಲೇ ಎಲ್ಲ ಹೊಳೆಯಿತು.

ಎಂಟು ತಿಂಗಳು, ದಿನವೂ ಹತ್ತು ಗಂಟೆಗೆ, ಅವಳು ಅವನ ಮುಖದ ಮೂಲಕ ನೀರಿನ ಟ್ಯಾಂಕನ್ನು ನೋಡಿದ್ದಳು! ಮನಸ್ಸು ಎಣಿಕೆಯಲ್ಲಿ, ದೃಷ್ಟಿ ದೂರದಲ್ಲಿ. ದೂರದಿಂದ ದೃಷ್ಟಿ ಮತ್ತೆ ಮೇಜಿಗೆ ಮರಳುವಾಗ ನಡುದಾರಿಯಲ್ಲಿ ಒಂದು ಕ್ಷಣ ಅವನ ಕಣ್ಣನ್ನು ಹಾದು ಬರುತ್ತಿತ್ತು. ಅವಳಿಗೆ ತಿಳಿಯಲಿಲ್ಲ. ಕೈಗೆ ತಿಳಿಯಿತು.

ಮೂರು ಮಹಡಿ ಮೆಟ್ಟಿಲನ್ನು ಅವಳು ಓಡಿಯೇ ಇಳಿದಳು.

ಅವನು ಹಗ್ಗ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಹೆದರಿಸಬೇಕು ಅಂತ ಅಲ್ಲ. ಇವತ್ತು ತಿಂಗಳ ಪಾಳಿ, ಬರಲೇಬೇಕಿತ್ತು."

"ದಿನಾ ಬರ್ತಿದ್ದದ್ದು ನೀವೇನಾ?"

ಅವನು ತಲೆ ತಗ್ಗಿಸಿದ. "ಹೌದು."

"ಯಾಕೆ? ನನ್ನನ್ನ ನೋಡೋಕಾ?"

"ಮೊದಲು ಅದಕ್ಕಲ್ಲ." ಅವನು ಹಗ್ಗವನ್ನು ಕೆಳಗಿಟ್ಟ. "ಮೊದಲ ದಿನ ನಾನು ಮೇಲಿನ ಮಹಡಿಯಿಂದ ಇಳೀತಿದ್ದೆ. ನೀವು ಒಂದು ಪುಟ್ಟ ಬಿಲ್ಲೆ ಗಾಜಿಗೆ ಹಿಡಿದು ನೋಡಿದ್ರಿ. ಕೆರೆದು ಹಾಕಿದ್ರಿ. ಮತ್ತೆ ಬರೆದು ಮತ್ತೆ ಕೆರೆದ್ರಿ. ಕಣ್ಣು ಒರೆಸ್ಕೊಂಡ್ರಿ. ಗಾಜು ಒರೆಸಿದ್ ಮೇಲೆ ಅದೇ ಬಿಲ್ಲೆ ಹಿಡಿದು ನಕ್ಕುಬಿಟ್ರಿ. ಅವತ್ತು ನನಗೆ ಗೊತ್ತಾಯ್ತು, ಇಲ್ಲಿ ಗಾಜು ಮಾಸಿದ್ರೆ ಯಾರದೋ ಮುಖದಲ್ಲಿ ಬಣ್ಣ ಕೆಡುತ್ತೆ ಅಂತ."

"ಅದಕ್ಕೆ... ದಿನಾ?"

"ಹತ್ತು ನಿಮಿಷದ ಕೆಲಸ. ಕಾವಲುಗಾರ ಹತ್ತಕ್ಕೆ ಚಹಾಕ್ಕೆ ಹೋದಾಗ ಮುಗಿಸ್ತಿದ್ದೆ. ಕಂಪನಿಯಲ್ಲಿ ಹೇಳಿದ್ದೆ, ಯಾವ ಗಾಜಿನ ಹಿಂದೆ ಯಾವ ಕೆಲಸ ನಡೆಯುತ್ತೆ ಅಂತ ನೋಡಿ ಪಾಳಿ ಹಾಕೋಣ ಅಂತ. ದರ್ಜಿಯ ಕಿಟಕಿಗೆ ವಾರಕ್ಕೆರಡು ಸಲ, ಹಾಸಿಗೆ ಹಿಡಿದ ಅಜ್ಜಿ ಕಿಟಕಿಗೆ ಮೂರು ಸಲ. ಗೋದಾಮಿಗೆ ಯಾಕೆ ಅಷ್ಟು? 'ನೀನೇನು ಕಂಪನಿ ಯಜಮಾನನಾ?' ಅಂತ ನಕ್ಕರು. ನಕ್ಕರೂ ಈಗ ಪಾಳಿ ಹಾಗೇ ನಡೀತಿದೆ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಯಾರೂ ಹೇಳದ ಕೆಲಸವನ್ನು ತನ್ನದೆಂದುಕೊಂಡ ಹುಚ್ಚು ತನಗೊಬ್ಬಳಿಗೇ ಎಂದು ಅವಳು ತಿಳಿದಿದ್ದಳು.

"ಆಮೇಲೆ?" ಎಂದಳು ಮೆಲ್ಲಗೆ. "ಮೊದಲು ಅದಕ್ಕಲ್ಲ ಅಂದ್ರಲ್ಲ..."

"ಆಮೇಲೆ ನೀವು ದಿನಾ ತಲೆಯೆತ್ತಿ ನನ್ನನ್ನೇ ನೋಡ್ತಿದ್ರಿ. ಒಂದು ಗಳಿಗೆ, ಹಾಗೇ ನೆಟ್ಟ ದೃಷ್ಟಿಯಲ್ಲಿ. ಮಾತಾಡೋಕೆ ಗಾಜು ಅಡ್ಡ, ಅದಕ್ಕೇ ಹೀಗೆ ನೋಡ್ತಾರೆ ಅಂದ್ಕೊಂಡೆ. ಅತ್ತೆ ಕಣ್ಣು ಕಂಡಾಗ ಇನ್ನೂ ಖಾತ್ರಿ ಆಯ್ತು." ಅವನು ಕಷ್ಟಪಟ್ಟು ನಕ್ಕ. "ಏನು ನೋಡ್ತಿದ್ರಿ ನಿಜವಾಗ್ಲೂ?"

"ನೀರಿನ ಟ್ಯಾಂಕು."

"ಓ... ನೀರಿನ ಟ್ಯಾಂಕಿಗೆ ಪೈಪೋಟಿ ಕೊಡೋಕೆ ನನ್ನಿಂದಾಗಲ್ಲ, ಬಿಡಿ."

ಅವನು ಹಗ್ಗ ಹೆಗಲಿಗೇರಿಸಿದ. ಅವಳು ಬಾಯಿ ತೆರೆಯುವಷ್ಟರಲ್ಲಿ ಬೀದಿ ದಾಟಿದ್ದ.

*

ಮೇಲೆ ಬಂದವಳೇ ಖಾನೆಯನ್ನು ಪೂರ್ತಿ ಹೊರಗೆಳೆದು ಎತ್ತಿಕೊಂಡಳು.

"ಎಲ್ಲಿಗೇ?" ಎಂದರು ಮಾಮ.

"ಅಮ್ಮನ ಹತ್ರ. ಹದಿನೆಂಟೂ ತಪ್ಪಾಗಿದೆ. ಹೊರಗೆ ಹೋದ ಆರೂ ತಪ್ಪು."

"ಹುಚ್ಚು ಹಿಡೀತಾ? ಯಾರು ದೂರು ಕೊಟ್ಟರು? ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ."

"ಖಾನೆ ನನ್ನದು ಅಂತ ಹೇಳ್ಕೊಂಡು ತಿರುಗಿದ್ದೀನಲ್ಲ ಮಾಮ. ತಪ್ಪು ಬೇರೆಯವರದು ಆಗುತ್ತಾ?"

ಯಜಮಾನಿ ಒಂದು ಕಣ್ಣನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಮತ್ತೊಂದನ್ನು ನೋಡಿದರು.

"ನನ್ನ ದೃಷ್ಟಿ ಮಂದವಾಯ್ತು. ಬಣ್ಣ ಬೇರೆ ಬೇರೆ ಅಂತ ಸುಮ್ಮನಿದ್ದೆ," ಎಂದರು ಕೊನೆಗೆ. "ನೋಟ ಒಂದೇ. ಯಾರದಿದು?"

"ಗಾಜು ಒರೆಸೋರದು."

ಯಜಮಾನಿ ಹುಬ್ಬೇರಿಸಿದರು. "ಒಂದು ತಿಂಗಳು ಕೊಡ್ತೀನಿ. ಇಪ್ಪತ್ನಾಲ್ಕು ಕಣ್ಣು, ಇಪ್ಪತ್ನಾಲ್ಕು ಮನುಷ್ಯರನ್ನ ಎದುರಿಗೆ ಕೂರಿಸಿಕೊಂಡು ಬರೆ. ಒಂದು ಕಮ್ಮಿಯಾದರೂ ಮೆರುಗಿನ ಮೇಜು. ಹೊರಗೆ ಹೋದವಕ್ಕೆ ನೀನೇ ಹೋಗಿ ಹೇಳು."

ಆರು ಮನೆಗೂ ಅವಳು ಹೋದಳು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಮೇಷ್ಟ್ರು, "ಅದಕ್ಕೇ ಈಚೆಗೆ ಕನ್ನಡಿಯಲ್ಲಿ ನಾನು ನನಗಿಂತ ಒಳ್ಳೆಯವನ ಹಾಗೆ ಕಾಣ್ತಿದ್ದೆ!" ಎಂದು ನಕ್ಕರು. ಟೆಲಿಫೋನ್ ಕಚೇರಿಯ ಹುಡುಗಿ ನಗಲಿಲ್ಲ. ಅವಳು ಬಟ್ಟಲಿನ ಮುಚ್ಚಳ ತೆಗೆದು ತೋರಿಸಿದಳು.

"ಮಲಗುವಾಗ ತೆಗೆದು ಇದರಲ್ಲಿ ಇಡ್ತೀನಿ ಅಕ್ಕಾ. ಹೇಗೆ ಇಟ್ಟರೂ ಬೆಳಿಗ್ಗೆ ಏಳೋ ಹೊತ್ತಿಗೆ ಅದು ಕಿಟಕಿ ಕಡೆ ತಿರುಗಿರುತ್ತೆ. ನಿಮ್ಮ ಕಾರ್ಯಾಗಾರ ಇರೋದು ಆ ಕಡೇನೇ ಅಲ್ವಾ?"

ಬಟ್ಟಲಿನ ನೀರಿನಲ್ಲಿ ಆ ಕಣ್ಣು ಅಲುಗದೆ ಅವಳನ್ನು ನೋಡುತ್ತಿತ್ತು. ಅವಳು ಮೆಲ್ಲಗೆ ಮುಚ್ಚಳ ಮುಚ್ಚಿದಳು.

ಕೊನೆಗೆ ಅತ್ತೆಯ ಮನೆ. ಬಾಗಿಲು ತೆಗೆದದ್ದು ಅತ್ತೆಯೇ. ಕನ್ನಡಿಯ ಮೇಲಿನ ಟವೆಲುಗಳೆಲ್ಲ ಕೆಳಗಿಳಿದಿದ್ದವು.

"ಕಣ್ಣು ವಾಪಸ್ ಬೇಕಾ? ಕೊಡಲ್ಲ!"

"ಅತ್ತೆ... ಅಲ್ಲ, ಅಮ್ಮಾ, ಅದು ತಪ್ಪು ಕಣ್ಣು. ಇನ್ನು ಇಪ್ಪತ್ನಾಲ್ಕು ಜನರನ್ನ ಎದುರಿಗೆ ಕೂರಿಸಿ ಹೊಸದಾಗಿ ಬರೀಬೇಕು."

"ಏನು ತಪ್ಪು? ಮೊದಲು ಹೆದರಿಕೊಂಡೆ, ನಿಜ. ಆಮೇಲೆ ಕನ್ನಡಿ ಎದುರು ಕೂತು ಅಣ್ಣನ ಹತ್ರ ಮಾತಾಡಿದೆ. ಬದುಕಿದ್ದಾಗ ನನ್ನ ಒಂದು ಮಾತಿಗೆ ಕಿವಿಗೊಟ್ಟೋನಲ್ಲ. ಈಗ ಎದ್ದು ಹೋಗೋಕಾಗಲ್ಲ, ಪೂರ್ತಿ ಕೇಳ್ತಾನೆ!" ಅವಳಿಗೆ ಚಹಾ ಕೊಟ್ಟು ಎದುರಿಗೆ ಕೂತರು. ದನಿ ತಗ್ಗಿಸಿದರು. "ನನ್ನ ಅಳಿಯ ಎರಡು ವಾರದಿಂದ ಊಟದ ತಟ್ಟೆ ಎದುರು ಸುಮ್ನೆ ಕೂತಿರ್ತಾನೆ. ಏನೋ ಅಂದ್ರೆ 'ನನ್ನನ್ನ ಯಾರಿಗೂ ಕಾಣಲ್ಲ ಅತ್ತೆ, ಗಾಜಿನ ಹಾಗೆ' ಅಂತಾನೆ. ನೀನೇನಾ ಆ ಹುಡುಗಿ?"

ಅವಳು ಚಹಾದ ಲೋಟ ಕೆಳಗಿಟ್ಟಳು.

"ನಾನು ಕಂಡಿದ್ದೆ ಅಮ್ಮಾ. ಕಂಡಿದ್ದು ನನಗೇ ಗೊತ್ತಿರಲಿಲ್ಲ. ಅಷ್ಟೂ ಕಣ್ಣಲ್ಲಿ ಬರೆದಿದ್ದು ಅವರನ್ನೇ!"

"ಇದನ್ನ ನನಗ್ಯಾಕೆ ಹೇಳ್ತೀಯಾ? ಹಿಂದೆ ತಿರುಗಿ ನೋಡು."

ಅಡುಗೆಮನೆಯ ಬಾಗಿಲಲ್ಲಿ ಅವನು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಒಬ್ಬರ ಮುಖ ಒಬ್ಬರು ನೋಡಲಾರದೆ ಇಬ್ಬರೂ ನೆಲ ನೋಡಿದರು. ಕೊನೆಗೆ ಅವನೇ ಕೇಳಿದ.

"ಇಪ್ಪತ್ನಾಲ್ಕು ಜನ ಬೇಕಂತಲ್ಲ. ಎಲ್ಲಿಂದ ತರ್ತೀರಾ?"

"ಗೊತ್ತಿಲ್ಲ. ಅರ್ಧ ದಿನ ಅಲುಗದೆ ಕೂರೋಕೆ ಯಾರು ಬರ್ತಾರೆ?"

"ಊರಿನ ಅರ್ಧ ಕಿಟಕಿಗಳು ನನಗೆ ಗೊತ್ತು," ಎಂದ ಅವನು. "ಕೇಳಿ ನೋಡ್ತೀನಿ."

*

ಮೊದಲು ಬಂದದ್ದು ದರ್ಜಿ. ಆಮೇಲೆ ಶಾಲೆಯ ಟೀಚರು, ಬೇಕರಿಯವನು, ಆ ಅಜ್ಜಿಯನ್ನು ನೋಡಿಕೊಳ್ಳುವ ನರ್ಸು. "ಗಾಜಿನವನು ಹೇಳಿದ, ಬಂದೆ," ಎನ್ನುತ್ತ ಕೂರುತ್ತಿದ್ದರು. ಅವನು ಪ್ರತಿಯೊಬ್ಬರಿಗೂ ಒಂದೊಂದು ಉಪಕಾರ ಮಾಡಿದ್ದ, ಯಾವುದನ್ನೂ ಅವಳಿಗೆ ಹೇಳಿರಲಿಲ್ಲ. ದರ್ಜಿ ಹೇಳಿದ, "ಸೂಜಿಗೆ ದಾರ ಪೋಣಿಸೋಕಾಗದೆ ಅಂಗಡಿ ಮುಚ್ಚೋನಿದ್ದೆ. ಗಾಜು ಒರೆಸಿದ ಮೇಲೆ ಕಣ್ಣಲ್ಲ, ಕಿಟಕಿ ಕೆಟ್ಟಿತ್ತು ಅಂತ ಗೊತ್ತಾಯ್ತು."

ಕಿಟಕಿ ಮತ್ತೆ ತಿಳಿಯಾಯಿತು. ಹತ್ತು ಗಂಟೆಗೆ ಅವನು ಬರುತ್ತಿದ್ದ. ಈಗ ಅವಳು ಎಣಿಕೆ ತಪ್ಪುತ್ತಿದ್ದಳು.

ಆದರೆ ಕೈ! ಆ ಕೈ ಅಷ್ಟು ಸುಲಭಕ್ಕೆ ಮಾತು ಕೇಳಲಿಲ್ಲ. ದರ್ಜಿಯ ಕರಿಗಣ್ಣು ಬರೆಯುವಾಗ ಕುಂಚದ ತುದಿ ತಾನಾಗಿ ಜೇನುಬಣ್ಣದ ಕಡೆ ಹೊರಳುತ್ತಿತ್ತು, ಒಳಗಿನಿಂದ ಯಾರೋ ಮಣಿಕಟ್ಟು ಹಿಡಿದು ತಿರುಗಿಸಿದಂತೆ. ಎರಡು ಸಲ ಪಾಪೆಯ ಕೆಳಗೆ ಆ ಎಳ್ಳುಕಾಳು ಬಿದ್ದೇಬಿಟ್ಟಿತು. ಕೆರೆದು ಹಾಕಿದಳು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಬರೆದಳು. 'ಎದುರಿಗಿರೋರನ್ನ ನೋಡು... ಎದುರಿಗಿರೋರನ್ನ...'

ತಿಂಗಳ ಕೊನೆಯ ದಿನ ಬಂತು. ಇಪ್ಪತ್ತಮೂರು ಕಣ್ಣು ಖಾನೆಯಲ್ಲಿ ಮಲಗಿದ್ದವು, ಇಪ್ಪತ್ತಮೂರು ಬೇರೆ ಬೇರೆ ಜನ. ಇಪ್ಪತ್ನಾಲ್ಕನೆಯವರಾಗಿ ಬರಬೇಕಿದ್ದ ಬೇಕರಿಯವನ ಹೆಂಡತಿಗೆ ಜ್ವರ. ಮಧ್ಯಾಹ್ನ ಹನ್ನೆರಡು ದಾಟಿತು. ಉತ್ತರದ ಬೆಳಕು ಇನ್ನು ನಾಲ್ಕು ತಾಸು.

ಅವನು ಓಡೋಡಿ ಮೇಲೆ ಬಂದ.

"ಎಲ್ಲಾ ಕಡೆ ಕೇಳಿದೆ. ಎಲ್ಲರೂ ಕೆಲಸದಲ್ಲಿದ್ದಾರೆ." ಏದುಸಿರು ಬಿಟ್ಟ. "ನಾನು ಕೂರ್ಲಾ?"

"ಸರಿಯಾಯ್ತು! ಇವನದು ನಿನ್ನ ಕೈಗೆ ಬಾಯಿಪಾಠ, ಎರಡು ತಾಸಿನಲ್ಲಿ ಮುಗಿಯುತ್ತೆ," ಎಂದರು ಮಾಮ. "ಅಮ್ಮ ಹೇಳಿದ್ದು ಇಪ್ಪತ್ನಾಲ್ಕು ಮನುಷ್ಯರು ಅಂತ. ಇವನೂ ಮನುಷ್ಯನೇ ಅಲ್ವಾ?"

ಅವನು ಕುರ್ಚಿಯಲ್ಲಿ ಕೂತ. ಅವಳು ಕುಂಚ ಎತ್ತಿಕೊಂಡಳು. ಮೊದಲ ಸಲ ನಡುವೆ ಗಾಜಿಲ್ಲದೆ, ಎಣಿಕೆಯಿಲ್ಲದೆ ಆ ಕಣ್ಣುಗಳನ್ನು ನೋಡಿದಳು. ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಬಟ್ಟಲಿನ ನೀರಿನಲ್ಲಿ ಅವಳನ್ನು ಹಿಂಬಾಲಿಸಿದ ಕಣ್ಣುಗಳು...

ಕುಂಚವನ್ನು ಕೆಳಗಿಟ್ಟಳು.

"ಬೇಡ. ಏಳಿ."

"ಯಾಕೆ?"

"ನಿಮ್ಮ ಕಣ್ಣು ಇನ್ನು ಯಾರಿಗೂ ಕೊಡಲ್ಲ."

ಮಾಮ ತಲೆ ಚಚ್ಚಿಕೊಂಡರು. "ಅಯ್ಯೋ ಹುಚ್ಚಿ! ಒಂದಕ್ಕೋಸ್ಕರ ಇಪ್ಪತ್ತಮೂರೂ ಹೋಗುತ್ತಲ್ಲೇ! ಮೆರುಗಿನ ಮೇಜಿನಲ್ಲಿ ಮುದುಕಿಯಾಗ್ತೀಯಾ!"

"ಆಗಲಿ ಮಾಮ," ಎಂದಳು. "ಗೊತ್ತಿಲ್ಲದೆ ಊರಿಗೆಲ್ಲ ಹಂಚಿಬಿಟ್ಟೆ. ಗೊತ್ತಿದ್ದೂ ಹಂಚಲ್ಲ."

ಅವನು ಕುರ್ಚಿಯಿಂದ ಎದ್ದ.

ಖಾಲಿಯಾದ ಕುರ್ಚಿಯಲ್ಲಿ ಬಂದು ಕೂತವರು... ಯಜಮಾನಿ! ಯಾವಾಗ ಬಾಗಿಲಿಗೆ ಬಂದಿದ್ದರೋ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನಲವತ್ತು ವರ್ಷ ಇನ್ನೊಬ್ಬರ ಕಣ್ಣು ಮಾಡಿದೆ. ನನ್ನದನ್ನ ಯಾರೂ ಬರೆದಿಲ್ಲ," ಎಂದರು. "ಪೊರೆ ಬಂದಿದೆ. ಅದನ್ನೂ ಬರೀಬೇಕು, ಬಿಡಬಾರದು. ಬೆಳಕು ಹೋಗುತ್ತೆ, ಹಿಡಿ ಕುಂಚ."

ಅವಳು ಹಿಡಿದಳು. ಆ ಒಂದು ಸಲ ಕೈ ಜೇನುಬಣ್ಣದ ಕಡೆ ಹೊರಳಲಿಲ್ಲ. ಬೆಳಕು ಬೂದಿಯಾಗುವ ಹೊತ್ತಿಗೆ ಅಂಗೈಯಲ್ಲಿ ಒಂದು ಮುದಿಗಣ್ಣು, ದಣಿದದ್ದು, ಬಲು ಮಮತೆಯದು. ಯಜಮಾನಿ ಅದನ್ನು ಬಹಳ ಹೊತ್ತು ನೋಡಿ, ತಾವೇ ಖಾನೆಯಲ್ಲಿಟ್ಟು, ತಾವೇ ತಳ್ಳಿದರು.

"ನಾಳೆ ಎಂಟಕ್ಕೆ ಬಾ. ಇನ್ನೊಂದು ಖಾನೆ ಖಾಲಿ ಮಾಡಿಸಿಡ್ತೀನಿ."

ಕರೆಂಟು ಹೋಗಿತ್ತು. ಮೆಟ್ಟಿಲ ಬಾಯಲ್ಲಿ ಅವನು ಕಾಯುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕೇಳಿಸುತ್ತಿತ್ತು.

"ಒಂದು ಕೇಳ್ಲಾ?" ಎಂದ. "ಯಾರಿಗೂ ಕೊಡಲ್ಲ ಅಂದ್ರಲ್ಲ. ಹಾಗಾದ್ರೆ ಈ ಕಣ್ಣುಗಳನ್ನ ಏನು ಮಾಡ್ತೀರಾ?"

"ಎದುರಿಗೆ ಇಟ್ಕೋತೀನಿ."

"ಎಲ್ಲಿವರೆಗೆ?"

"ಮುದುಕಿಯಾಗಿ ನನಗೂ ಪೊರೆ ಬರೋವರೆಗೆ."

"ಆಮೇಲೆ?"

"ಆಮೇಲೆ ನನಗೆ ಕಾಣಲ್ಲ. ಆಗ ನೀವು ನನ್ನ ಕೈ ಹಿಡ್ಕೊಂಡು ನಡೆಸಬೇಕು."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಈಗಲೇ ಹಿಡ್ಕೊಂಡ್ರೆ?"

ಅವಳು ಕತ್ತಲಲ್ಲಿ ಕೈ ಚಾಚಿದಳು. "ಹಿಡ್ಕೊಳ್ಳಿ... ಈ ಮೆಟ್ಟಿಲಲ್ಲಿ ಈಗಲೇ ಏನೂ ಕಾಣ್ತಿಲ್ಲ."